ಹೊಳೆಯಲ್ಲೊಂದು ಅರೆಹೊಳಪಿನ ದೋಣಿ

ಗಂಗೊಳ್ಳಿಯ ಪಂಚಗಂಗಾವಳಿ ಹೊಳೆಯಲ್ಲಿ ಓಡಾಡುವ ನಮ್ಮ ಸೋದರಮಾವನ ಫೈಬರ್ ದೋಣಿಗೆ 20 ವರ್ಷ ತುಂಬುವ ಹೊತ್ತಿಗೆ, ಅದರ ಬಣ್ಣ ನೀಲಿಯೆಂಬುದನ್ನು ಮಾವ ಆಣೆ ಮಾಡಿ ಹೇಳಬೇಕಾದ ಸ್ಥಿತಿ ಬಂದಿತ್ತು. ಅದಕ್ಕೆ ಒರಗಿ ನಿಂತು, ಹಾಗೆಯೇ ಮದುವೆಮನೆಗೆ ಹೋದ ನನ್ನ ಕಪ್ಪು ಪ್ಯಾಂಟಿನ ಹಿಂಭಾಗದಲ್ಲಿ ಸುಣ್ಣ ಬಳಿದಂತಹ ಗುರುತನ್ನು ಇಡೀ ಚಪ್ಪರವೇ ಕಂಡ ಮೇಲೆ, ಬೇಸಿಗೆ ರಜೆಯಲ್ಲಿ ಅದಕ್ಕೆ ಹೊಳಪು ತರುವ ಪಣ ತೊಟ್ಟೆ.

ಫೈಬರ್ ದೋಣಿಯ ಮೇಲಿರುವುದು ಪೇಂಟಲ್ಲ. ಬಣ್ಣ ಬೆರೆಸಿದ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಜೆಲ್‌ಕೋಟ್ ಎಂಬ ರಾಳದ ಪದರ. ಬಿಸಿಲಿಗೆ ಅದರ ಮೇಲ್ಮೈ ಸತ್ತು ಪುಡಿಯಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದಾಗ ಅಡಿಯ ನೀಲಿ ಮುಗುಳ್ನಕ್ಕು, ಒಣಗಿದೊಡನೆ ಮಾಯವಾಯಿತು. ಇದನ್ನು ಕಂಡ ಅತ್ತೆ ತೆಂಗಿನೆಣ್ಣೆ ಕೊಟ್ಟರು. ಬೆಳಿಗ್ಗೆ ಮದುಮಗಳಂತೆ ಹೊಳೆದ ದೋಣಿ, ಸಂಜೆಯೊಳಗೆ ದಂಡೆಯ ಧೂಳನ್ನೆಲ್ಲ ಮೈಗೆ ಮೆತ್ತಿಕೊಂಡಿತ್ತು.

ಎಣ್ಣೆ ತೊಳೆದು, ನೀರು ಹಾಕಿ ಉಜ್ಜುವ 800 ನಂಬರಿನ ನಯವಾದ ಮರಳುಕಾಗದ ಕೇಳಿದರೆ ಅಂಗಡಿಯಲ್ಲಿ 80 ಮಾತ್ರ ಇತ್ತು. ಒಂದು ಸೊನ್ನೆ ತಾನೇ ಕಡಿಮೆ ಎಂದು ತಂದೆ. ಆ ಸೊನ್ನೆಯ ಬೆಲೆ ತಿಳಿದದ್ದು, ಒಂದೇ ಕಡೆ ಹಟದಿಂದ ತಿಕ್ಕಿದಾಗ ನೀಲಿಯೆಲ್ಲ ಉದುರಿ, ಹರಿದ ಚಾಪೆಯಂತೆ ಫೈಬರಿನೊಳಗಿನ ಗಾಜಿನ ನೂಲು ಇಣುಕಿದಾಗ. ರಾತ್ರಿಯಿಡೀ ಮೈ ಕೆರೆದುಕೊಂಡೆ. “ಉಜ್ಜುಕೆ ಹೇಳ್ರೆ ಸಿಪ್ಪೆ ಸುಲ್ದ್ಯಲಾ ಮರಾಯಾ!” ಎಂದರು ಮಾವ.

ಗಾಯಕ್ಕೆ ಹೊಸ ಜೆಲ್‌ಕೋಟ್ ತುಂಬಿಸಿ, ಕುಂದಾಪುರದಿಂದ ತಂದ 800, 1000, 1500ರ ಕಾಗದಗಳಿಂದ ಸರದಿಯಂತೆ ಉಜ್ಜಿದ ಮೇಲೆ, ಬಾಡಿಗೆಯ ಪಾಲಿಶ್ ಯಂತ್ರಕ್ಕೆ ಕೈಹಚ್ಚಿದೆ. ನಡುಮಧ್ಯಾಹ್ನದ ಬಿಸಿಲಿಗೆ, ಕಾಂಪೌಂಡು ಎಂಬ ಪಾಲಿಶ್ ಲೇಪವು ಕಾವಲಿಗೆ ಹೊಯ್ದ ದೋಸೆಹಿಟ್ಟಿನಂತೆ ಗಟ್ಟಿಯಾಗಿ ಅಂಟಿತು. ಇನ್ನಷ್ಟು ಬಳಿದು ಗುಂಡಿ ಒತ್ತಿದೊಡನೆ ಯಂತ್ರವು ನನ್ನ ಹೆಗಲ ಬೈರಾಸನ್ನು ಸೆಳೆದು ಸುತ್ತಿಕೊಂಡು, ಉಳಿದ ಕಾಂಪೌಂಡನ್ನು ಅತ್ತೆಯ ಹಪ್ಪಳಗಳ ಮೇಲೆ ಸಮನಾಗಿ ಹಂಚಿತು.

ಮೂರು ದಿನ ಬೆಳಗಿನ ನೆರಳಿನಲ್ಲಷ್ಟೇ ದುಡಿದು, ಮೇಣ ಹಚ್ಚಿ ಮುಗಿಸಿದಾಗ ಬಲಮಗ್ಗುಲಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಎಡಮಗ್ಗುಲಿಗೆ ಬರುವಷ್ಟರಲ್ಲಿ ನನ್ನ ತೋಳುಗಳೂ ರಜೆಯೂ ಒಟ್ಟಿಗೇ ಮುಗಿದಿದ್ದವು.

ಕಳೆದ ವಾರ ದಡದ ಚಹಾದಂಗಡಿಯವರು ಮಾವನನ್ನು ತಡೆದು, ದಿನವೂ ಬೆಳಿಗ್ಗೆ ಹೊಸ ದೋಣಿಯಲ್ಲಿ ಹೋಗಿ ಸಂಜೆ ಹಳೆಯದರಲ್ಲಿ ಬರುತ್ತೀರಲ್ಲ, ಹೊಸದನ್ನು ಯಾರ ಮನೆಯಲ್ಲಿ ಕಟ್ಟಿ ಬರುತ್ತೀರಿ ಎಂದು ವಿಚಾರಿಸಿದರಂತೆ.