ಹಳೆ ಗೊಂಬೆ ಅಂದರೆ ನಕಲಿ ಗೊಂಬೆ ಅಲ್ಲ

'ಜಪಾನಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅನಿಮೆ (ಜಪಾನಿ ಕಾರ್ಟೂನ್) ಗೊಂಬೆ ಅಗ್ಗಕ್ಕೆ ಸಿಗುತ್ತದೆ ಅಂದರೆ ಅದು ಡೂಪ್ಲಿಕೇಟೇ' ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಅಲ್ಲಿ ಹಳೆ ಸಾಮಾನಿನ ವ್ಯಾಪಾರ ಮಾಡಲು ಲೈಸೆನ್ಸ್ ಬೇಕೇ ಬೇಕು. ಅದಕ್ಕೆಂದೇ 1949ರ ಕಾನೂನು ಇದೆ.

ಬೆಲೆ ಇಳಿಯುವ ಕಾರಣ ಎಷ್ಟೋ ಸಲ ಡಬ್ಬಿಯ ಮೇಲೇ ಇರುತ್ತದೆ. ಟೋಕಿಯೋದ ನಕಾನೋ ಬ್ರಾಡ್‌ವೇ ಎಂಬ ಅಂಗಡಿ ಸಂಕೀರ್ಣದಂಥ ಕಡೆ ಪುಟ್ಟ ಚೀಟಿ ಅಂಟಿಸಿರುತ್ತಾರೆ: ಡಬ್ಬಿಯ ಮೂಲೆ ನಜ್ಜಾಗಿದೆ, ಒಮ್ಮೆ ತೆರೆದಿದ್ದಾರೆ, ಒಂದು ಬಿಡಿಭಾಗ ಇಲ್ಲ, ಹೀಗೆ. ಜಪಾನಿ ಭಾಷೆಯಲ್ಲಿ 'ಚೂಕೊ' ಅಂದರೆ ಬಳಸಿದ್ದು, 'ಮಿಕೈಫೂ' ಅಂದರೆ ತೆರೆಯದೇ ಇರುವುದು. ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟವರನ್ನು ಸುಮ್ನೆ ಮೋಸಗಾರರು ಅನ್ನುವುದು ಅನ್ಯಾಯ ಅಲ್ವಾ? ಇನ್ನೊಂದು ಮಾತು, ತಯಾರಿಕೆ ನಿಂತುಹೋದ ಗೊಂಬೆಗೆ ಅಲ್ಲೇ ಮೂಲ ಬೆಲೆಗಿಂತ ಜಾಸ್ತಿ ಕೊಡಬೇಕಾಗುವುದೂ ಉಂಟು.

ನಕಲಿ ಮಾಲು ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಆನ್‌ಲೈನಿನಲ್ಲಿ ಗೊತ್ತಿಲ್ಲದವರಿಂದ ಕೊಳ್ಳುವಾಗ ಹುಷಾರಾಗಿರಿ.