'ಸತ್ಯಕಥೆ' ಎಂದು ಅಚ್ಚು ಹಾಕಿದರೆ ಭಯ ಹುಟ್ಟುವುದಿಲ್ಲ

ದೆವ್ವದ ಮನೆಯ ಕಥೆಗಳೆಂದರೆ ನನಗೆ ಪ್ರಾಣ. ಅದಕ್ಕೇ ಜೇ ಆ್ಯನ್ಸನ್ ಬರೆದ 'ದಿ ಅಮಿಟಿವಿಲ್ ಹಾರರ್' ಓದಿ ಇಷ್ಟು ಸಿಟ್ಟು ಬಂದಿದೆ. 1977ರಲ್ಲಿ ಬಂದ ಈ ಪುಸ್ತಕವನ್ನು ಸತ್ಯಕಥೆಯೆಂದೇ ಮಾರಿದರು. ಇಡೀ ಪುಸ್ತಕ ಆ ಒಂದು ಪದವನ್ನು ನೆಚ್ಚಿಕೊಂಡು ಕೂತಿದೆ.

ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನ ಅಮಿಟಿವಿಲ್ ಊರಿನಲ್ಲಿ ಜಾರ್ಜ್ ಮತ್ತು ಕ್ಯಾಥಿ ಲಟ್ಜ್ ದಂಪತಿ 80,000 ಡಾಲರಿಗೆ ದೊಡ್ಡದೊಂದು ಮನೆ ಕೊಳ್ಳುತ್ತಾರೆ. 1975ರ ಡಿಸೆಂಬರಿನಲ್ಲಿ ಮೂವರು ಮಕ್ಕಳನ್ನು ಕಟ್ಟಿಕೊಂಡು ಬಂದವರು 28 ದಿನಗಳಲ್ಲಿ ಸಾಮಾನನ್ನೂ ಬಿಟ್ಟು ಓಡಿಹೋಗುತ್ತಾರೆ. ಈ ನಡುವೆ ನಡುಚಳಿಗಾಲದಲ್ಲಿ ನೊಣಗಳ ಹಿಂಡು, ಹಸಿರು ಲೋಳೆ, ತಲೆಕೆಳಗಾದ ಶಿಲುಬೆ, ಕೆಂಪು ಕಣ್ಣಿನ ಹಂದಿ ಎಲ್ಲವೂ ಬಂದುಹೋಗುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ರಾತ್ರಿ ನಡೆದದ್ದರ ನೆರಳು ಮರುದಿನದ ಬದುಕಿನ ಮೇಲೆ ಬೀಳುವುದೇ ಇಲ್ಲ. ಭಯವೆನ್ನುವುದು ಹನಿಹನಿಯಾಗಿ ಕೂಡಬೇಕಲ್ಲವೇ? ಆ್ಯನ್ಸನ್ ಅದರ ಬದಲು ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಾರೆ.

ಹೊಟ್ಟೆ ಉರಿಯುವುದು ಕೈಗೆ ಸಿಕ್ಕಿದ್ದನ್ನೂ ಅವರು ಚೆಲ್ಲಿಬಿಟ್ಟಿದ್ದಾರೆ ಎಂಬುದಕ್ಕೆ. ಜಾರ್ಜ್‌ಗೆ ಆ ಮನೆಯಲ್ಲಿ ಚಳಿ ಬಿಡುವುದೇ ಇಲ್ಲ. ಬೆಂಕಿಗೂಡಿಗೆ ಕಟ್ಟಿಗೆ ಒಟ್ಟುತ್ತಾ ಕೂರುತ್ತಾನೆ. ಸ್ನಾನ, ಕ್ಷೌರ ಬಿಡುತ್ತಾನೆ, ಮಕ್ಕಳ ಮೇಲೆ ರೇಗುತ್ತಾನೆ, ನಸುಕಿನ 3.15ಕ್ಕೆ ತಾನಾಗಿ ಎಚ್ಚರಗೊಳ್ಳುತ್ತಾನೆ. ಮನೆ ಒಬ್ಬ ತಂದೆಯನ್ನು ಮೆಲ್ಲನೆ ಬೇರೆ ಯಾರನ್ನೋ ಮಾಡುತ್ತಿದೆ! ಅಷ್ಟೇ ಸಾಕಿತ್ತು. ಇನ್ನೊಂದು ಸಂಗತಿ: ಹಿಂದಿನ ವರ್ಷ ಅದೇ ಮನೆಯಲ್ಲಿ ಕೊಲೆಯಾದ ಡಿಫಿಯೋ ಕುಟುಂಬದ ಪೀಠೋಪಕರಣಗಳನ್ನೂ ಲಟ್ಜ್ ದಂಪತಿ ಮನೆಯೊಂದಿಗೆ ಕೊಂಡಿದ್ದರು. ಸತ್ತವರ ಸಾಮಾನಿನ ನಡುವೆ ಮಕ್ಕಳನ್ನು ಮಲಗಿಸುವ ತಾಯಿಯ ಮನಸ್ಸಿನೊಳಗೆ ಒಮ್ಮೆ ಇಳಿದಿದ್ದರೆ ಹಂದಿಯೂ ಬೇಕಿರಲಿಲ್ಲ, ಲೋಳೆಯೂ ಬೇಕಿರಲಿಲ್ಲ.

ಸತ್ಯಕಥೆ ಎಂಬ ಮಾತೂ ನಿಲ್ಲಲಿಲ್ಲ. ಹಿಮದಲ್ಲಿ ಗೊರಸಿನ ಗುರುತು ಕಂಡಿತೆಂದು ಪುಸ್ತಕ ಹೇಳುವ ಹೊತ್ತಿನಲ್ಲಿ ಅಲ್ಲಿ ಹಿಮವೇ ಬಿದ್ದಿರಲಿಲ್ಲ ಎಂದು ಹವಾಮಾನ ದಾಖಲೆ ಹೇಳಿತು. ಡಿಫಿಯೋ ಕುಟುಂಬವನ್ನು ಕೊಂದವನ ವಕೀಲ ವಿಲಿಯಂ ವೆಬರ್ 1979ರಲ್ಲಿ, ಹಲವು ಬಾಟಲಿ ವೈನ್ ಮುಂದಿಟ್ಟುಕೊಂಡು ತಾನೂ ಲಟ್ಜ್ ದಂಪತಿಯೂ ಸೇರಿ ಹೆಣೆದ ಕಥೆ ಇದು ಎಂದರು. ಲಟ್ಜ್ ದಂಪತಿ ಮಾತ್ರ ತಮ್ಮ ಅನುಭವ ನಿಜವೆಂದೇ ಹೇಳುತ್ತಾ ಬಂದರು. ಕಲ್ಪನೆಯಾದರೆ ನನ್ನ ತಕರಾರಿಲ್ಲ, ಭಯದ ಕಥೆ ಕಲ್ಪನೆಯೇ ಆಗಿರಲಿ. ಆದರೆ ಕಲ್ಪನೆಯೆಂದು ಒಪ್ಪಿಕೊಂಡವನು ಓದುಗನನ್ನು ನಂಬಿಸಲು ಬೆವರು ಸುರಿಸಬೇಕಾಗುತ್ತದೆ. ಇಲ್ಲಿ ಆ ಶ್ರಮವೇ ಕಾಣುವುದಿಲ್ಲ.

ಆ ಮನೆಯಲ್ಲಿ ನಿಜವಾಗಿ ನಡೆದದ್ದು 1974ರ ನವೆಂಬರ್ 13ರಂದು. ರೊನಾಲ್ಡ್ ಡಿಫಿಯೋ ಎಂಬ 23ರ ಯುವಕ ಅಪ್ಪ, ಅಮ್ಮ, ಇಬ್ಬರು ತಂಗಿಯರು, ಇಬ್ಬರು ತಮ್ಮಂದಿರು, ಹೀಗೆ ಆರು ಜನರನ್ನು ಅವರವರ ಹಾಸಿಗೆಯಲ್ಲೇ ಗುಂಡಿಟ್ಟು ಕೊಂದ. ಕಿರಿಯ ತಮ್ಮನಿಗೆ ಒಂಬತ್ತು ವರ್ಷ. ಪುಸ್ತಕಕ್ಕೆ ಈ ಮಕ್ಕಳು ಬೇಕಾದದ್ದು ಮನೆಗೊಂದು ರಕ್ತದ ಇತಿಹಾಸ ಒದಗಿಸಲು ಮಾತ್ರ. ಅವರ ಬಗ್ಗೆ ಒಂದು ಗಳಿಗೆಯ ಮರುಕವನ್ನೂ ನಾನು ಅದರಲ್ಲಿ ಕಾಣಲಿಲ್ಲ. ಲಟ್ಜ್‌ಗಳ ನಂತರ ಅಲ್ಲಿ ನೆಲೆಸಿದ ಕ್ರೊಮಾರ್ಟಿ ಕುಟುಂಬಕ್ಕೆ ಯಾವ ದೆವ್ವವೂ ಕಾಣಿಸಲಿಲ್ಲ. ಪುಸ್ತಕ ಓದಿ ಮನೆ ನೋಡಲು ಬಂದು ಮುತ್ತುತ್ತಿದ್ದ ಜನರ ಕಾಟ ತಾಳಲಾರದೆ ಅವರು ಲೇಖಕರು ಮತ್ತು ಪ್ರಕಾಶಕರ ಮೇಲೆ ಮೊಕದ್ದಮೆ ಹೂಡಬೇಕಾಯಿತು.