ತೋಡು ಎಂದರೆ ಅಗೆಯುವುದಲ್ಲ

ನಮ್ಮ ಗುಡ್ಡೆಯ ತಲೆಗೆ ಹತ್ತಿದರೆ ಫೋನಿನಲ್ಲಿ ‘ಕರ್ನಾಟಕಕ್ಕೆ ಸ್ವಾಗತ’. ದನ ಅಟ್ಟಿಕೊಂಡು ಅಂಗಳಕ್ಕೆ ಇಳಿಯುವಾಗ ‘ಕೇರಳಕ್ಕೆ ಸ್ವಾಗತ’. ಎಪ್ಪತ್ತು ಹತ್ತಿರ ಬಂದ ಪ್ರಾಯದಲ್ಲಿ ದಿನಕ್ಕೆರಡು ಸಲ ರಾಜ್ಯ ಬದಲಿಸುವ ಯೋಗ ಎಷ್ಟು ಜನರಿಗುಂಟು? ನನ್ನ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಆಚೀಚೆ. ಸಾರಡ್ಕದ ಗಡಿ ದಾಟಿ ಮುಂದೆ ಹೋದರೆ ವಿಟ್ಲದ ಬದಿಯಲ್ಲಿ ಅಕ್ಕನ ಮನೆ. ಎರಡೂ ಕಡೆ ಅಡಿಕೆ, ಅದೇ ಮಳೆ, ಅದೇ ಕೊಳೆರೋಗ. ನನ್ನನ್ನು ‘ಹೊರನಾಡ ಕನ್ನಡಿಗ’ ಎಂದು ಕರೆದರೆ ಬೇಸರವೇನಿಲ್ಲ. 1956ರ ನವೆಂಬರ್ 1ರ ಬೆಳಗ್ಗೆ ಅಪ್ಪ ಚಾಪೆಯಿಂದ ಎದ್ದಾಗ ಮನೆ ಇದ್ದಲ್ಲೇ ಇತ್ತಂತೆ. ಅದು ಹೊರನಾಡು ಆದದ್ದು ಅವರಿಗೆ ಗೊತ್ತಾದದ್ದು ಆಮೇಲೆ.

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದೆ. ‘ತಂತ್ರಜ್ಞಾನ: ವರವೋ ಶಾಪವೋ’ ಎಂಬ ಚರ್ಚಾಸ್ಪರ್ಧೆ ಎಷ್ಟು ಸಲ ನಡೆಸಿದ್ದೇನೋ ಲೆಕ್ಕವಿಲ್ಲ. ಪರ ನಾಲ್ಕು ಮಂದಿ, ವಿರೋಧ ನಾಲ್ಕು ಮಂದಿ, ಗೆದ್ದವರಿಗೆ ಸ್ಟೀಲ್ ಲೋಟ. ಆ ಪ್ರಶ್ನೆಯೇ ಸರಿ ಇರಲಿಲ್ಲ ಎಂದು ಈಗ ಅನಿಸುತ್ತದೆ. ನಮ್ಮ ಕಡೆ ಕೇಳಬೇಕಾದ್ದು ಬೇರೆ: ಯಂತ್ರ ತಪ್ಪಿದರೆ ಹೊಣೆ ಯಾರದು, ನಷ್ಟ ಯಾರಿಗೆ?

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಪೇಟೆಯ ಜೀನಸಿನಂಗಡಿಯಲ್ಲಿ ಫೋನಿನಿಂದ ದುಡ್ಡು ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆಯೊಂದುಂಟು. ಅಂಗಡಿಯವನ ಮನೆಮಾತು ತುಳು, ನನ್ನದು ಹವ್ಯಕ, ನಾವಿಬ್ಬರು ಮಾತಾಡುವುದು ಕನ್ನಡ. ಪೆಟ್ಟಿಗೆ ಮಾತ್ರ ಅಚ್ಚ ಮಲಯಾಳದಲ್ಲಿ ‘ರೂಪ ಲಭಿಚ್ಚು’ ಎನ್ನುತ್ತಿತ್ತು. ‘ಇದಕ್ಕೆ ಕನ್ನಡ ಬರುವುದಿಲ್ವಾ?’ ಎಂದು ತಮಾಷೆಗೆ ಕೇಳಿದೆ. ‘ನೋಡುವ ಮಾಷ್ಟ್ರೆ’ ಎಂದು ಫೋನು ತೆಗೆದು ಏನೋ ಒತ್ತಿದ. ನಾನು ಬೆಲ್ಲದ ಕಟ್ಟು ಚೀಲಕ್ಕೆ ಇಳಿಸಿ ಬಾಯಿ ಕಟ್ಟುವುದರೊಳಗೆ ಪೆಟ್ಟಿಗೆ ಕನ್ನಡಕ್ಕೆ ಹೊರಳಿತ್ತು. ಎರಡು ನಿಮಿಷವೂ ಹಿಡಿಯಲಿಲ್ಲ. ಅರ್ಜಿ ಇಲ್ಲ, ನಿಯೋಗ ಇಲ್ಲ, ಕಲೆಕ್ಟರ ಕಚೇರಿಯ ಎದುರು ಧರಣಿ ಇಲ್ಲ. ಅಲ್ಲಿಯೇ ಬೆಂಚಿನಲ್ಲಿ ಕೂತು ಇನ್ನೂ ಇಬ್ಬರು ದುಡ್ಡು ಕೊಡುವವರೆಗೆ ಕೇಳಿಸಿಕೊಂಡೆ.

ಕೇರಳದ 1969ರ ಅಧಿಕೃತ ಭಾಷಾ ಶಾಸನದಲ್ಲಿ ನಮಗೆ ಒಂದು ಹಕ್ಕುಂಟು. ಇಲ್ಲಿಯ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರಕ್ಕೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕನ್ನಡ ಮಲಯಾಳ ಎರಡೂ ಬಲ್ಲವರಿಗೆಂದೇ ಗುಮಾಸ್ತರ ಹುದ್ದೆಯೂ ಉಂಟು. ಇದೆಲ್ಲ ಎಷ್ಟರಮಟ್ಟಿಗೆ ನಡೆಯಿತು ಎಂಬುದು ಹಳೆಯ ಜಗಳ, ಅದನ್ನು ಇಲ್ಲಿ ಕೆದಕುವುದಿಲ್ಲ. ಹೊಸತೊಂದು ಶುರುವಾಗಿದೆ, ಅದನ್ನು ಹೇಳಬೇಕು. ಹೋದ ವರ್ಷ ಒಂದು ಕಚೇರಿಯಲ್ಲಿ ಕನ್ನಡದ ಫಾರ್ಮು ಕೇಳಿದೆ. ಮೊದಲಾದರೆ ‘ಮುಗಿದಿದೆ, ಮುಂದಿನ ವಾರ ಬನ್ನಿ’ ಎನ್ನುತ್ತಿದ್ದರು. ಅದರಲ್ಲಿ ಕೊಡಬೇಕಾಗಿತ್ತು ಎಂಬ ಒಪ್ಪಿಗೆಯಾದರೂ ಇತ್ತು. ಈ ಸಲ ಮೇಜಿನ ಆಚೆಯ ಹುಡುಗ ನಕ್ಕು, ‘ಫೋನ್ ಉಂಟಲ್ಲ ಮಾಷೆ, ಕ್ಯಾಮರಾ ಹಿಡಿದರೆ ಕನ್ನಡ ಆಗುತ್ತದೆ’ ಎಂದ. ಒಳ್ಳೆಯ ಹುಡುಗ, ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ್ದು. ಆದರೆ ಕಚೇರಿ ಮಾಡಬೇಕಾದ ಕೆಲಸ ಹೀಗೆ ಸದ್ದಿಲ್ಲದೆ ನನ್ನ ಜೇಬಿಗೆ ಬಂತು. ಫೋನು ನನ್ನದು, ನೆಟ್ಟಿನ ದುಡ್ಡು ನನ್ನದು, ತಪ್ಪಿದರೆ ತಪ್ಪೂ ನನ್ನದು.

ತಪ್ಪುವುದು ಹೇಗೆ ಎಂದು ಬೇಕಾದರೆ ಕೇಳಿ. ಕೇರಳದಲ್ಲಿ ಡಿಜಿಟಲ್ ಮರುಸರ್ವೆ ಶುರುವಾದದ್ದು 2022ರ ನವೆಂಬರ್ 1ಕ್ಕೆ. (ಆ ತಾರೀಕು ನಮ್ಮ ಬೆನ್ನು ಬಿಡುವುದೇ ಇಲ್ಲ.) ಕೋಲಿನ ತುದಿಯಲ್ಲಿ ಯಂತ್ರ ಹಿಡಿದು ಬರುತ್ತಾರೆ, ಉಪಗ್ರಹದ ಲೆಕ್ಕದಲ್ಲಿ ಸೆಂಟಿಮೀಟರು ತಪ್ಪದಂತೆ ಗಡಿ ಗುರುತಿಸುತ್ತಾರೆ. ಸರಪಳಿ ಎಳೆದು ಅಳೆಯುತ್ತಿದ್ದ ಕಾಲ ಕಂಡವನಿಗೆ ಇದು ಪವಾಡವೇ. ನೆರೆಮನೆಯವರ ಜಾಗದಲ್ಲಿ ಕೆಲವು ಸೆಂಟ್ಸ್ ಕಡಿಮೆ ಕಂಡಿತು. ಹಳೆಯ ಆಧಾರ, ಎಂದರೆ ಜಾಗದ ದಾಖಲೆಪತ್ರ, ತನ್ನಿ ಎಂದರು. ಅವರಲ್ಲಿ ಇದ್ದದ್ದು ಅಜ್ಜನ ಕಾಲದ್ದು. ಆಗ ನಾವು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ, ಬರವಣಿಗೆಯೆಲ್ಲ ಕನ್ನಡ. ಕೈಬರಹ ಫೋನಿಗೆ ಹತ್ತಲಿಲ್ಲ. ಮನೆಯ ಹುಡುಗ ಬುದ್ಧಿವಂತ, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯನ್ನು ಕನ್ನಡದಲ್ಲಿ ಟೈಪ್ ಮಾಡಿ ಅನುವಾದದ ಆ್ಯಪಿಗೆ ಕೊಟ್ಟ.

ಮೂಲದಲ್ಲಿ ಇದ್ದದ್ದು ಇಷ್ಟು: ಮೂಡು ತೋಡು, ತೆಂಕು ಕಟ್ಟಪುಣಿ, ಪಡು ಗುಡ್ಡೆ, ಬಡಗು ಬರೆ. ನಮ್ಮಲ್ಲಿ ಮಗುವಿಗೂ ಗೊತ್ತು, ತೋಡು ಎಂದರೆ ನೀರು ಹರಿಯುವ ಸಣ್ಣ ಹಳ್ಳ, ಕಟ್ಟಪುಣಿ ಎಂದರೆ ಗದ್ದೆಯ ಬದು, ಬರೆ ಎಂದರೆ ಜರಿಯುವ ಮಣ್ಣಿನ ದರೆ. ಆ್ಯಪಿಗೆ ಗೊತ್ತಿದ್ದದ್ದು ಬಯಲುಸೀಮೆಯ ಕನ್ನಡ. ಅದು ತೋಡು ಎಂಬಲ್ಲಿ ‘ಅಗೆ’ ಎಂದಿತು, ಬರೆ ಎಂಬಲ್ಲಿ ಪೆನ್ನು ಹಿಡಿದು ‘ಬರೆ’ ಎಂದಿತು. ಕಟ್ಟಪುಣಿಯನ್ನು ಯಾರದೋ ಹೆಸರೆಂದು ತಿಳಿದು ಹಾಗೇ ಇಟ್ಟಿತು. ಅಗೆದು ಬರೆಯಿರಿ ಎಂದು ಅಪ್ಪಣೆ ಕೊಡುವ ಆಧಾರಪತ್ರ ಆಯಿತದು. ನಗಬಹುದು, ನಾನೂ ನಕ್ಕೆ. ಆದರೆ ಮಲಯಾಳದಲ್ಲೂ ತೋಡು ಎಂದರೆ ತೋಡೇ! ಹುಡುಗ ಬಾಯಿಬಿಟ್ಟು ಹೇಳಿದ್ದರೆ ಗುಮಾಸ್ತನಿಗೆ ಅರೆಕ್ಷಣದಲ್ಲಿ ತಿಳಿಯುತ್ತಿತ್ತು. ಇಬ್ಬರಿಗೂ ಗೊತ್ತಿದ್ದ ಮಾತನ್ನು ನಡುವೆ ನಿಂತ ದುಭಾಷಿ ಇಬ್ಬರಿಗೂ ತಿಳಿಯದ ಹಾಗೆ ಮಾಡಿತು. ಆ ಕಾಗದದ ಮುಂದಿನ ಕತೆ ಆಮೇಲೆ ಹೇಳುತ್ತೇನೆ.

ಅಕ್ಕನ ಮನೆಯಲ್ಲಿ ಈ ಪಜೀತಿ ಇಲ್ಲ. ಕರ್ನಾಟಕದವರು 2000ದ ಆಸುಪಾಸಿನಲ್ಲೇ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು, ಕನ್ನಡದಲ್ಲೇ. ಭಾವ ಜಗಲಿಯಲ್ಲಿ ಕೂತು ಎಲೆ ಜಗಿಯುತ್ತಾ ಪಹಣಿ ತೆಗೆದು ತೋರಿಸುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ, ಮುಚ್ಚಿಡುವುದಿಲ್ಲ. ಆದರೆ ಅದೇ ಜಗಲಿಯಲ್ಲಿ ಮೊಮ್ಮಗ ಅಜ್ಜಿಗೆ ಕಳಿಸುವ ಸಂದೇಶ ಇಂಗ್ಲಿಷ್ ಅಕ್ಷರದ ಕನ್ನಡ. ಕನ್ನಡದ ಕೀಲಿಮಣೆಯ ಜೋಡಣೆ ಮಾಡಿದ ಕೆ. ಪಿ. ರಾವ್ ಕಿನ್ನಿಕಂಬಳದವರು, ಅಕ್ಕನ ಜಿಲ್ಲೆಯವರೇ. ಆ ಜಿಲ್ಲೆಯ ಹುಡುಗರಿಗೆ ಅದು ಬೇಡ. ಬಿಟ್ಟರೂ ಕಳಕೊಳ್ಳುವ ಭಯ ಇಲ್ಲದವರು ಹಾಗೆಯೇ ಇರುತ್ತಾರೋ ಏನೋ. ನಮ್ಮ ಕನ್ನಡ ಶಾಲೆಯ ಮಕ್ಕಳು ಮಲಯಾಳಿ ಗೆಳೆಯರ ಗುಂಪಿನಲ್ಲಿ ಕೂಡ ಹಠ ಹಿಡಿದು ಕನ್ನಡ ಅಕ್ಷರದಲ್ಲೇ ಬರೆಯುವುದನ್ನು ನೋಡಿದ್ದೇನೆ.

ಕೇರಳವನ್ನು ಹೊಗಳಬೇಕಾದಲ್ಲಿ ಹೊಗಳುತ್ತೇನೆ. ಸರಕಾರಿ ಕೆಲಸಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ, 2002ರಲ್ಲಿ ಮಲಪ್ಪುರದಲ್ಲಿ ಶುರುವಾದ ಅಕ್ಷಯ ಕೇಂದ್ರಗಳು ಈಗ ಮೂಲೆಮೂಲೆಯಲ್ಲಿ ಇವೆ. 2025ರ ಆಗಸ್ಟಿನಲ್ಲಿ ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಎಂದು ಘೋಷಿಸಿಕೊಂಡರು. ಘೋಷಣೆ ಬದಿಗಿರಲಿ, ಅದಕ್ಕೆ ಮೊದಲು ಸ್ವಯಂಸೇವಕಿಯರು ಮನೆಮನೆಗೆ ಬಂದು ಕಲಿಸಿದ್ದಂತೂ ನಿಜ. ನಮ್ಮ ಚಿಕ್ಕಮ್ಮ ಎಂಬತ್ತು ದಾಟಿದವರು, ವೀಡಿಯೊ ಕಾಲ್ ಕಲಿತು ಈಗ ವಿಟ್ಲದ ಅಕ್ಕನ ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂದು ವಿಚಾರಿಸುತ್ತಾರೆ. ಆಚೆಯವರು ಆ್ಯಪ್ ಕೊಟ್ಟು ಕೈತೊಳೆದುಕೊಂಡರೆ ಈಚೆಯವರು ಆ್ಯಪಿನ ಜತೆ ಒಬ್ಬ ಮನುಷ್ಯನನ್ನೂ ಕಳಿಸಿದರು. ನಮ್ಮ ಕೇಂದ್ರದಲ್ಲಿ ಇರುವ ಹುಡುಗಿಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ. ಅವಳು ರಜೆ ಹಾಕಿದ ದಿನ ಅರ್ಧ ಪಂಚಾಯತು ಮನೆಗೆ ಮರಳುತ್ತದೆ.

2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿತಲ್ಲ, ಆಗ ಅಕ್ಕನ ಮುಖ ಕಂಡದ್ದು ಫೋನಿನಲ್ಲಿ ಮಾತ್ರ. ಮಂಗಳೂರಿನ ಡಾಕ್ಟರು ವಾಟ್ಸಾಪಿನಲ್ಲಿ ಮದ್ದಿನ ಚೀಟಿ ಕಳಿಸಿದರು. ತಲಪಾಡಿಯಲ್ಲಿ ನಿಂತ ಆಂಬುಲೆನ್ಸುಗಳು ಆ ಮಣ್ಣು ದಾಟಲಿಲ್ಲ.

ಇನ್ನು ತೋಟದ ಮಾತು. ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ಅಡಿಕೆ ಮರ ಹತ್ತುವವರ ಬರಗಾಲ ಅಷ್ಟು ಬಾಧಿಸುವುದಿಲ್ಲ. ನೆಲದಲ್ಲೇ ನಿಂತು 60 ಅಡಿ ಮೇಲಿನ ಗೊನೆಗೆ ಮದ್ದು ಬಿಡಬಹುದು, ಕೊಯ್ಯಬಹುದು. ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ವರ್ಷಗಟ್ಟಲೆ ಮಲಗಿದವರನ್ನು ಕಂಡವರು ಈ ದೋಟಿಗೆ ಕೈಮುಗಿಯಬೇಕು. ಆದರೆ ಬಿದಿರಿನ ದೋಟಿಯ ಅಭ್ಯಾಸದವರಿಗೆ ಒಂದು ಮಾತು ಮನಸ್ಸಿಗೆ ಇಳಿಯುವುದು ಕಷ್ಟ: ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ ಹಾದ ತಂತಿಗೆ ತಾಗಿದರೆ ಮುಗಿಯಿತು. ನಾನು ತಂತಿಯ ಕೆಳಗಿನ ಎರಡು ಸಾಲು ಮರಗಳಿಗೆ ಸುಣ್ಣ ಬಳಿದಿದ್ದೇನೆ. ಅಲ್ಲಿಗೆ ದೋಟಿ ಒಯ್ಯಬಾರದು ಎಂದು ಅರ್ಥ. ಆ ಮರಗಳ ಅಡಿಕೆ ಉದುರಿದರೆ ಹೆಕ್ಕುವುದು.

ಹೋದ ಮಳೆಗಾಲಕ್ಕೆ ಮೊದಲು ಭಾವನ ತೋಟಕ್ಕೆ ಡ್ರೋನು ಬಂತು, ಪರೀಕ್ಷೆಗೆಂದು. ಮೈಲುತುತ್ತು, ಸುಣ್ಣ, ಎರಡೂ ಒಂದೊಂದು ಕಿಲೋ, ನೂರು ಲೀಟರು ನೀರು. ಅಜ್ಜನ ಕಾಲದಿಂದ ಬಿಡುವ ಅದೇ ಬೋರ್ಡೋ ಮದ್ದು. ರೆಕ್ಕೆಯ ಸದ್ದು ಏಳುತ್ತಿದ್ದ ಹಾಗೆ ನಾನು ಬಾವಿಕಟ್ಟೆಗೆ ಓಡಿ ತೆಂಗಿನ ಗರಿಯ ಹೆಡೆಮಡಲು ಎಳೆದು ಬಾವಿಯ ಬಾಯಿಗೆ ಮುಚ್ಚತೊಡಗಿದೆ. ‘ಎಂತ ಭಾವ, ಇದು ವಿಷ ಅಲ್ಲ ಮಾರಾಯ’ ಎಂದು ಭಾವ ನಕ್ಕ. ನನಗೂ ಗೊತ್ತು. ಕೈ ಕೇಳಬೇಕಲ್ಲ.

ನಮ್ಮದು ಎಣ್ಮಕಜೆ ಪಂಚಾಯತು. ಗೇರು ತೋಟಗಳಿಗೆ ಹತ್ತುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಸರಕಾರಿ ಪ್ಲಾಂಟೇಷನ್ ಕಾರ್ಪೊರೇಷನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದದ್ದು ಇಲ್ಲೇ. ಗೇರು ಗುಡ್ಡದ ಮೇಲೆ, ಮನೆಗಳು ತಗ್ಗಿನಲ್ಲಿ, ಕುಡಿಯುವ ನೀರು ಗುಡ್ಡ ಕೊರೆದ ಸುರಂಗದಿಂದ, ತೋಡಿನಿಂದ. ಮೇಲೆ ಬಿದ್ದದ್ದು ಕೆಳಗೆ ಇಳಿಯಲೇಬೇಕು. ಆಗ ನಾನು ಹೊಸ ಮಾಷ್ಟ್ರು. ಹೆಲಿಕಾಪ್ಟರಿನ ಸದ್ದು ಕೇಳಿದ ಕೂಡಲೇ ಮಕ್ಕಳನ್ನು ಮೈದಾನಕ್ಕೆ ಬಿಟ್ಟವನು ನಾನೇ. ವಿಜ್ಞಾನ ಕಣ್ಣಾರೆ ನೋಡಲಿ ಎಂದು. ಮಕ್ಕಳು ಕೈ ಬೀಸುತ್ತಿದ್ದರು. ಈ ಮಾತನ್ನು ಇಷ್ಟು ವರ್ಷ ಎಲ್ಲಿಯೂ ಬರೆದಿರಲಿಲ್ಲ.

ಹುಟ್ಟುವ ಕರುಗಳ ಕಾಲು ಸೊಟ್ಟ ಇರುವುದನ್ನು ಕಂಡು ನಮ್ಮೂರಿನ ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು. ವೈದ್ಯ ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕ ಇಟ್ಟರು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ, ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳಕ್ಕೆ ಹೇಳಿದ್ದು 2017ರಲ್ಲಿ. ಕರ್ನಾಟಕದ ಕೊಕ್ಕಡ ಸುತ್ತಿನ ಜನರ ಪಾಡೂ ಇದೇ. ಗಡಿಯ ಎರಡೂ ಬದಿಯವರು ಒಂದೇ ಥರ ಅನುಭವಿಸಿದ್ದು ಇದೊಂದೇ ಇರಬೇಕು. ಹಾರಿಸಿದವರಿಗೆ ಕೆಳಗಿನ ಮನೆ ಕಾಣುತ್ತಿರಲಿಲ್ಲ, ಮನೆಯವರಿಗೆ ಹಾರಿಸಿದವರ ವಿಳಾಸ ಗೊತ್ತಿರಲಿಲ್ಲ. ಡ್ರೋನು ಹಾರಿಸಿದ ಹುಡುಗನ ಹೆಸರು, ಮನೆ, ಫೋನ್ ನಂಬರು ಭಾವನಲ್ಲಿ ಉಂಟು. ನನಗೆ ಅಷ್ಟು ಸಮಾಧಾನ ಸಾಕಾಗುತ್ತದೆ. ಮದ್ದು ಗೊನೆಗೆ ತಲುಪದೆ ಸೋಗೆಯಲ್ಲೇ ಉಳಿಯಿತು, ಈ ವರ್ಷ ಭಾವ ಮತ್ತೆ ದೋಟಿಗೇ ಬಂದಿದ್ದಾನೆ, ಅದು ಬೇರೆ ಮಾತು.

ಮೋಸದ ಕರೆಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಒಂದೇ ಹೇಳುತ್ತೇನೆ. ‘ಡಿಜಿಟಲ್ ಅರೆಸ್ಟ್’ ಮಾಡುತ್ತೇವೆ ಎಂದು ಹಿಂದಿಯಲ್ಲಿ ಗದರಿಸಿದವನಿಗೆ ನಮ್ಮ ಸೋದರಮಾವ ಅರ್ಧ ಗಂಟೆ ತುಳುವಿನಲ್ಲಿ ದನದ ಕಾಯಿಲೆ ವಿವರಿಸಿದರು. ಅವನೇ ಕರೆ ಕಟ್ ಮಾಡಿದ. ಇಷ್ಟು ದಿನ ನಮಗೆ ಭಾಷೆಯೇ ಬೇಲಿ. ಇನ್ನು ಯಂತ್ರವೇ ಕನ್ನಡ, ಮಲಯಾಳ ಮಾತಾಡಲು ಕಲಿತ ಮೇಲೆ ಆ ಬೇಲಿ ನಿಲ್ಲುವುದಿಲ್ಲ. ಇಂಥ ಮೋಸದ ದೂರು ಕೊಡುವ 1930 ಎಂಬ ನಂಬರನ್ನು ಮಾವನ ಕೋಣೆಯ ಗೋಡೆಯಲ್ಲಿ ಮಸಿಯಿಂದ ದೊಡ್ಡದಾಗಿ ಬರೆದಿಟ್ಟಿದ್ದೇವೆ.

ನೆರೆಮನೆಯವರ ಆಧಾರಕ್ಕೆ ಮರಳುತ್ತೇನೆ. ಕೊನೆಗೆ ಅವರು ನನ್ನನ್ನು ಕರೆದುಕೊಂಡು ಹೋದರು. ಭೂತಗನ್ನಡಿ ಹಿಡಿದು, ಮಡಿಕೆಯಲ್ಲಿ ಹರಿದುಹೋದ ಗೆರೆಗಳನ್ನು ಊಹಿಸದೆ ಹಾಗೆಯೇ ಬಿಟ್ಟು, ಉಳಿದದ್ದನ್ನು ಓದಿ ಮಲಯಾಳದಲ್ಲಿ ಬರೆದುಕೊಟ್ಟೆ. ಎರಡು ಗಂಟೆ ಹಿಡಿಯಿತು. ಗುಮಾಸ್ತ ಹುಡುಗ ಆ್ಯಪಿನ ಅನುವಾದವನ್ನು ಕಡತದಿಂದ ತೆಗೆದು ನನ್ನದನ್ನು ಇಟ್ಟ. ಆಮೇಲೆ ಪೆನ್ನು ಮುಂದೆ ಚಾಚಿದ.

‘ಇದರಲ್ಲಿ ತಪ್ಪಿದ್ದರೆ ಹೊಣೆ ನಿಮ್ಮದು ಎಂದು ಕೆಳಗೆ ಬರೆದು ಸಹಿ ಹಾಕಿ ಮಾಷೆ.’

‘ಮೊದಲಿನದರಲ್ಲಿ ಯಾರ ಸಹಿ ಇತ್ತು?’ ಎಂದು ಕೇಳಿದೆ.

ಅವನು ಕಾಗದ ತಿರುಗಿಸಿ ಎರಡೂ ಬದಿ ನೋಡಿದ. ನಾನು ಸಹಿ ಹಾಕಿದೆ, ಕೆಳಗೆ ಮನೆಯ ಹೆಸರು, ಅಂಚೆಯ ವಿಳಾಸ ಕೂಡ ಬರೆದೆ. ಚಪ್ಪಲಿ ಮೆಟ್ಟುವಾಗ ಬಾಗಿಲವರೆಗೆ ಬಂದ.

‘ಮಂಗಳವಾರ ಬಿಡುವುಂಟಾ ಮಾಷೆ? ಇಂಥದ್ದೇ ಇನ್ನೂ ಮೂರು ಇದೆ.’